ಗುರುವಾರಕ್ಕೂ ಒಂದು ಕುಸ್ತಿ

1997ರ ಕೊನೆಯಲ್ಲಿ ಅಮೆರಿಕದ ವರ್ಲ್ಡ್ ಚಾಂಪಿಯನ್‌ಶಿಪ್ ರೆಸ್ಲಿಂಗ್, ಅಂದರೆ ಡಬ್ಲ್ಯುಸಿಡಬ್ಲ್ಯು ಕಂಪನಿ ಮುಟ್ಟಿದ್ದೆಲ್ಲ ಚಿನ್ನವಾಗುತ್ತಿತ್ತು. ಅದರ ಸೋಮವಾರ ರಾತ್ರಿಯ ‘ನೈಟ್ರೊ’, ಎದುರಾಳಿ ಡಬ್ಲ್ಯುಡಬ್ಲ್ಯುಎಫ್‌ನ ‘ರಾ’ ಕಾರ್ಯಕ್ರಮವನ್ನು ಒಂದೂವರೆ ವರ್ಷದಿಂದ ವಾರ ತಪ್ಪದೆ ಹಿಂದಿಕ್ಕುತ್ತಿತ್ತು. ನೈಟ್ರೊ ಬರುತ್ತಿದ್ದುದು ಟಿಎನ್‌ಟಿ ಚಾನೆಲ್‌ನಲ್ಲಿ. ಅದನ್ನು ಕಟ್ಟಿದ ಟೆಡ್ ಟರ್ನರ್‌ಗೆ ತಮ್ಮ ಇನ್ನೊಂದು ಚಾನೆಲ್ ಟಿಬಿಎಸ್‌ಗೂ ಅಂಥದ್ದೇ ಒಂದು ಬೇಕೆನಿಸಿತು. ಕುಸ್ತಿ ವಿಭಾಗ ನಡೆಸುತ್ತಿದ್ದ ಎರಿಕ್ ಬಿಷಾಫ್‌ಗೆ ಇದು ಸುತರಾಂ ಇಷ್ಟವಿರಲಿಲ್ಲವೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಟರ್ನರ್ ಕೇಳಿದ ಮೇಲೆ ಆಗದು ಎನ್ನುವುದು ಹೇಗೆ? 1998ರ ಜನವರಿ 8ರ ಗುರುವಾರ, ಫ್ಲಾರಿಡಾದ ಡೇಟೋನಾ ಬೀಚ್‌ನಿಂದ ‘ಥಂಡರ್’ ಶುರುವಾಯಿತು. ಮೂರೂಕಾಲು ವರ್ಷ ತುಂಬುವಷ್ಟರಲ್ಲಿ ಕಂಪನಿ ಎದುರಾಳಿಯ ಪಾಲಾಗಿತ್ತು.

ಥಂಡರ್ ಒಂದರಿಂದಲೇ ಕಂಪನಿ ಮುಳುಗಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ತಾರೆಗಳ ಹಿಡಿತ, ಮಿತಿಮೀರಿದ ಸಂಬಳ, ಎಒಎಲ್ ಜತೆ ಮಾತೃಸಂಸ್ಥೆ ಟೈಮ್ ವಾರ್ನರ್ ವಿಲೀನವಾದಾಗ ಬಂದ ಹೊಸ ಯಜಮಾನರಿಗೆ ಕುಸ್ತಿಯ ಬಗ್ಗೆ ಇದ್ದ ಅಸಡ್ಡೆ, ಎಲ್ಲವೂ ಸೇರಿದ್ದವು. ಆದರೆ ವಾರಕ್ಕೆ ಎರಡನೆಯ ಕಾರ್ಯಕ್ರಮ ಒಂದು ಕುಸ್ತಿ ಕಂಪನಿಗೆ ಏನು ಮಾಡಬಲ್ಲದು ಎಂದು ನೋಡಲು ಥಂಡರ್‌ನಷ್ಟು ನಿಚ್ಚಳವಾದ ಉದಾಹರಣೆ ಬೇರೆ ಸಿಗದು.

ಟಿವಿಗೂ ಈ ಕುಸ್ತಿಗೂ ಮೊದಲಿದ್ದ ನಂಟು ಬೇರೆಯೇ. 1980ರ ದಶಕದ ಆರಂಭದವರೆಗೂ ಅಮೆರಿಕದ ಕುಸ್ತಿ ಪ್ರಾಂತ್ಯವಾರು ಹಂಚಿಹೋಗಿತ್ತು. ಒಬ್ಬೊಬ್ಬ ಪ್ರವರ್ತಕನಿಗೆ ಒಂದೊಂದು ಸೀಮೆ. ಸ್ಥಳೀಯ ಸ್ಟುಡಿಯೊದಲ್ಲಿ ವಾರಕ್ಕೊಮ್ಮೆ ಒಂದೆರಡು ಗಂಟೆಯ ಕಾರ್ಯಕ್ರಮ. ಅದರಲ್ಲಿ ಹೆಸರಾಂತ ಪೈಲ್ವಾನ ಯಾವನೋ ಅನಾಮಧೇಯನನ್ನು ಮೂರು ನಿಮಿಷದಲ್ಲಿ ಕೆಡವಿ, ಮೈಕ್ ಹಿಡಿದು ತನ್ನ ವೈರಿಗೆ ಸವಾಲು ಹಾಕುತ್ತಿದ್ದ. ಆ ವೈರಿಯ ಜತೆಗಿನ ನಿಜವಾದ ಸೆಣಸಾಟ ನೋಡಬೇಕೆಂದರೆ ಟಿಕೆಟ್ ಕೊಂಡು ಊರಿನ ಸಭಾಂಗಣಕ್ಕೇ ಹೋಗಬೇಕು. ಟಿವಿ ಜಾಹೀರಾತು, ಟಿಕೆಟ್ ಸರಕು. ಜಾಹೀರಾತು ಹೆಚ್ಚು ಬಂದಷ್ಟೂ ಒಳ್ಳೆಯದೇ. ಹಾಗಾಗಿ ‘ಎರಡನೆಯ ಕಾರ್ಯಕ್ರಮ ಹೊರೆಯೇ’ ಎಂಬ ಪ್ರಶ್ನೆ ಆ ಕಾಲದವರಿಗೆ ಎದುರಾಗಲೇ ಇಲ್ಲ.

1985ರಲ್ಲಿ ಡಬ್ಲ್ಯುಡಬ್ಲ್ಯುಎಫ್ ನಡೆಸಿದ ರೆಸಲ್‌ಮೇನಿಯಾ, ಅದರ ಬೆನ್ನಿಗೆ ಬಂದ, ದುಡ್ಡು ಕೊಟ್ಟು ಮನೆಯಲ್ಲೇ ಪಂದ್ಯ ನೋಡುವ ಪೇ-ಪರ್-ವ್ಯೂ ವ್ಯವಸ್ಥೆ ಸರಕನ್ನು ಬದಲಿಸಿದವಾದರೂ ತರ್ಕವನ್ನು ಬದಲಿಸಲಿಲ್ಲ. ತರ್ಕ ತಲೆಕೆಳಗಾದದ್ದು ಸೋಮವಾರದ ಪೈಪೋಟಿಯಲ್ಲಿ. 1993ರ ಜನವರಿಯಲ್ಲಿ ರಾ, 1995ರ ಸೆಪ್ಟೆಂಬರ್ 4ರಂದು ಮಿನೆಸೋಟದ ಮಾಲ್ ಆಫ್ ಅಮೆರಿಕದಿಂದ ನೈಟ್ರೊ. ಎದುರಾಳಿಯ ಚಾನೆಲ್‌ನಿಂದ ಜನರನ್ನು ಎಳೆದು ತರಬೇಕಾದರೆ ದೊಡ್ಡ ಪಂದ್ಯಗಳನ್ನೇ ಟಿವಿಯಲ್ಲಿ ಕೊಡಬೇಕು. ಬಿಷಾಫ್ ಕೊಟ್ಟರು. ಜಾಹೀರಾತಾಗಿದ್ದದ್ದೇ ಸರಕಾಯಿತು. ಎರಡನೆಯ ಕಾರ್ಯಕ್ರಮ ಹಾನಿ ಮಾಡಬಲ್ಲದೆಂಬ ಮಾತಿಗೆ ಅರ್ಥ ಬರುವುದು ಇಲ್ಲಿಂದ ಮುಂದೆ.

ಗಂಟೆಗಳ ಲೆಕ್ಕ ನೋಡಿ. ನೈಟ್ರೊ ಶುರುವಾದಾಗ ಒಂದು ಗಂಟೆ. 1996ರ ಮೇ ತಿಂಗಳಿಂದ ಎರಡು. 1998ರ ಜನವರಿಯಲ್ಲಿ ಮೂರು, ಜತೆಗೆ ಥಂಡರ್‌ನ ಎರಡು. ಎರಡೂವರೆ ವರ್ಷದೊಳಗೆ ಪ್ರೈಮ್ ಟೈಮ್ ಹೊರೆ ಐದು ಪಟ್ಟಾಯಿತು.

ಈ ಕುಸ್ತಿಯಲ್ಲಿ ಗೆಲುವು ಸೋಲು ಮೊದಲೇ ನಿಶ್ಚಯವಾಗಿರುತ್ತದೆ. ಅದು ನೋಡುವವರಿಗೂ ಗೊತ್ತು. ಹಾಗಾಗಿ ಕಂಪನಿ ಮಾರುವುದು ಫಲಿತಾಂಶವನ್ನಲ್ಲ, ಫಲಿತಾಂಶಕ್ಕಾಗಿ ಕಾಯುವ ತವಕವನ್ನು. ಇಬ್ಬರ ನಡುವೆ ಹಗೆ ಹುಟ್ಟಬೇಕು, ಒಬ್ಬನಿಗೆ ಮೋಸವಾಗಬೇಕು, ಅವನು ತಿರುಗಿ ಬೀಳಬೇಕು, ಕೊನೆಗೆ ಪೇ-ಪರ್-ವ್ಯೂನಲ್ಲಿ ಇತ್ಯರ್ಥವಾಗಬೇಕು. ತಿಂಗಳಿಗೆ ನಾಲ್ಕು ತಿರುವು ಸಾಕು, ವಾರಕ್ಕೊಂದು. ಗುರುವಾರವೂ ಸೇರಿದರೆ ಅದೇ ನಾಲ್ಕು ತಿರುವನ್ನು ಎಂಟು ಕಂತಿಗೆ ಎಳೆಯಬೇಕು. ಅರ್ಧ ಗಂಟೆಯ ಧಾರಾವಾಹಿಯನ್ನು ‘ಮಹಾಸಂಚಿಕೆ’ ಎಂದು ಹಿಗ್ಗಿಸಿದ ದಿನ ಅತ್ತೆ ಸೊಸೆಯರು ಒಬ್ಬರನ್ನೊಬ್ಬರು ಎಷ್ಟು ಹೊತ್ತು ದುರುಗುಟ್ಟಿಕೊಂಡು ನಿಲ್ಲುತ್ತಾರೆಂದು ನಮ್ಮ ಓದುಗರಿಗೆ ಹೇಳಬೇಕಿಲ್ಲ. ಕುಸ್ತಿಯಲ್ಲಿ ಆ ದುರುಗುಟ್ಟುವಿಕೆಯ ರೂಪಗಳು ಬೇರೆ: ಮೂರನೆಯವನು ಒಳನುಗ್ಗಿ ಕೆಡಿಸಿದ ಪಂದ್ಯ, ಕಳೆದ ವಾರದ ಪಂದ್ಯವೇ ಮತ್ತೊಮ್ಮೆ, ಇಬ್ಬರು ವೈರಿಗಳನ್ನು ಒಂದೇ ಜೋಡಿಯಾಗಿಸಿ ಆಡಿಸುವುದು, ಸೋಮವಾರ ನಡೆದದ್ದರ ಮರುಪ್ರಸಾರ.

ಬಿಷಾಫ್‌ಗೆ ಈ ಅಪಾಯ ಕಂಡಿರಲಿಲ್ಲ ಎನ್ನಲಾಗದು. ಆಗ ಖಳರ ಗುಂಪು ‘ಎನ್‌ಡಬ್ಲ್ಯುಒ’ ಜನಪ್ರಿಯತೆಯ ತುದಿಯಲ್ಲಿತ್ತು. ನೈಟ್ರೊ ಇಡೀ ಆ ಗುಂಪಿನದಾಗಲಿ, ಥಂಡರ್ ಉಳಿದವರದಾಗಲಿ ಎಂಬ ಯೋಚನೆ ನಡೆಯಿತು. 1997ರ ಡಿಸೆಂಬರ್ 22ರ ನೈಟ್ರೊದಲ್ಲಿ ಅದರ ಪರೀಕ್ಷೆಯೂ ಆಯಿತು. ವೇದಿಕೆಯ ಹಲಗೆಗಳನ್ನು ಕಿತ್ತು ಎನ್‌ಡಬ್ಲ್ಯುಒ ಫಲಕ ಜೋಡಿಸುವುದನ್ನೇ ನೇರ ಪ್ರಸಾರದಲ್ಲಿ ಎಷ್ಟೋ ಹೊತ್ತು ತೋರಿಸಿದರು. ಜನಕ್ಕೆ ರುಚಿಸಲಿಲ್ಲ, ಯೋಚನೆ ಅಲ್ಲಿಗೇ ಬಿತ್ತು. ಹೀಗೆ ಥಂಡರ್ ಹುಟ್ಟುವ ಮೊದಲೇ ಅದಕ್ಕಿದ್ದ ಒಂದೇ ಒಂದು ಸಕಾರಣ ಸತ್ತಿತ್ತು.

ಮೊದಲ ಕಂತಿನಲ್ಲೇ ಆದದ್ದು ಇನ್ನೂ ವಿಚಿತ್ರ. ಒಂದು ವರ್ಷಕ್ಕೂ ಮಿಕ್ಕಿ ಬಾಯಿ ಬಿಡದೆ ಸಭಾಂಗಣದ ಮಾಡಿನಿಂದ ನೋಡುತ್ತಲೇ ನಿಂತಿದ್ದ ಸ್ಟಿಂಗ್, ಡಿಸೆಂಬರ್ 28ರ ಸ್ಟಾರ್‌ಕೇಡ್ ಪೇ-ಪರ್-ವ್ಯೂನಲ್ಲಿ ಹಲ್ಕ್ ಹೋಗನ್‌ನಿಂದ ಚಾಂಪಿಯನ್ ಬೆಲ್ಟ್ ಕಸಿದುಕೊಂಡಿದ್ದ. ಆ ಪಂದ್ಯದ ಮುಕ್ತಾಯವೇ ಗೊಂದಲಮಯವಾಗಿತ್ತು. ಹನ್ನೊಂದು ದಿನದ ಬಳಿಕ ಥಂಡರ್‌ನಲ್ಲಿ, ಪಟ್ಟ ಖಾಲಿ ಎಂದು ಘೋಷಿಸಿ ಸ್ಟಿಂಗ್‌ನಿಂದ ಬೆಲ್ಟ್ ವಾಪಸು ಪಡೆದರು. ಕಂಪನಿಯ ಇತಿಹಾಸದ ಅತಿ ದೊಡ್ಡ ಪಂದ್ಯಕ್ಕೆ ದುಡ್ಡು ಕೊಟ್ಟವರಿಗೆ, ಹೊಸ ಕಾರ್ಯಕ್ರಮದ ಮೊದಲ ದಿನವೇ, ಅದರ ಫಲಿತಾಂಶ ನಡೆಯದು ಎಂದಂತಾಯಿತು.

ಆಮೇಲೆ ಥಂಡರ್ ಎರಡನೇ ದರ್ಜೆಗೆ ಇಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಹೋಗನ್‌ನಂಥವರು ವರ್ಷಕ್ಕೆ ಇಷ್ಟೇ ದಿನ ಎಂದು ಒಪ್ಪಂದ ಮಾಡಿಕೊಂಡವರು. ಅವರ ದಿನಗಳನ್ನು ಗುರುವಾರಕ್ಕೆ ಯಾರು ಸುರಿಯುತ್ತಾರೆ? 1998ರ ಜುಲೈ 6ರಂದು ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಗೋಲ್ಡ್‌ಬರ್ಗ್ ಹೋಗನ್‌ನನ್ನು ಕೆಡವಿದ್ದು ಸೋಮವಾರದ ನೈಟ್ರೊದಲ್ಲಿ. ಮುಖ್ಯವಾದದ್ದೆಲ್ಲ ಸೋಮವಾರವೇ ಎಂದು ಪ್ರೇಕ್ಷಕ ಅರಿತ. ಅರಿತವನು ಥಂಡರ್ ಬಿಟ್ಟ. ನನ್ನ ಮಟ್ಟಿಗೆ ನಿಜವಾದ ಹಾನಿ ಇಲ್ಲಿದೆ, ಖರ್ಚಿನಲ್ಲಿ ಅಲ್ಲ. ಒಂದೇ ಕಾರ್ಯಕ್ರಮವಿದ್ದಾಗ ನೋಡದಿದ್ದರೆ ಏನೋ ತಪ್ಪಿಹೋಗುತ್ತದೆ ಎಂಬ ಭಯವಿತ್ತು. ಗುರುವಾರವನ್ನು ಬಿಟ್ಟರೂ ಕತೆ ಅರ್ಥವಾಗುತ್ತದೆಂದು ಕಂಡುಕೊಂಡವನು ಒಂದು ದಿನ ಸೋಮವಾರವನ್ನೂ ಬಿಟ್ಟು ನೋಡುತ್ತಾನೆ. ಬಿಡುವ ಅಭ್ಯಾಸ ಎರಡನೆಯ ಕಾರ್ಯಕ್ರಮದಲ್ಲಿ ಹುಟ್ಟಿ ಮೊದಲನೆಯದಕ್ಕೆ ಹಬ್ಬುತ್ತದೆ.

ಲೆಕ್ಕಪುಸ್ತಕದಲ್ಲಿ ಇದು ಒಡನೆಯೇ ಕಾಣುವುದಿಲ್ಲ. 1998ರಲ್ಲಿ ಡಬ್ಲ್ಯುಸಿಡಬ್ಲ್ಯು ಒಳ್ಳೆಯ ಲಾಭವನ್ನೇ ಮಾಡಿತ್ತು. ಆದರೆ ಅದೇ ವರ್ಷದ ಏಪ್ರಿಲ್ 13ರಂದು ನೈಟ್ರೊದ 83 ವಾರಗಳ ಸತತ ಗೆಲುವು ಮುರಿದಿತ್ತು. ನಾಲ್ಕು ಜನ ನೋಡಲಿ ಎಂದು ಎರಡನೆಯ ಕಾರ್ಯಕ್ರಮ ಯಾವ ಮಟ್ಟಕ್ಕೆ ಇಳಿಯಬಹುದು ಎಂಬುದಕ್ಕೆ 2000ದ ಏಪ್ರಿಲ್ 26ರ ಥಂಡರ್ ಸಾಕ್ಷಿ. ಅಂದು ವಿಶ್ವ ಚಾಂಪಿಯನ್ ಆದವನು ಡೇವಿಡ್ ಆರ್ಕೆಟ್ ಎಂಬ ಸಿನಿಮಾ ನಟ. ಅಷ್ಟರಲ್ಲಿ ಥಂಡರ್ ತನ್ನ ಗುರುವಾರವನ್ನೂ ಬಿಟ್ಟುಕೊಟ್ಟು ಬುಧವಾರಕ್ಕೆ ಓಡಿಹೋಗಿತ್ತು.

ಓಡಿಸಿದ್ದು ಯಾರು? ಇನ್ನೊಂದು ‘ಎರಡನೆಯ ಕಾರ್ಯಕ್ರಮ’. 1999ರ ಆಗಸ್ಟ್ 26ರಿಂದ ಗುರುವಾರಗಳಲ್ಲಿ ಡಬ್ಲ್ಯುಡಬ್ಲ್ಯುಎಫ್‌ನ ‘ಸ್ಮ್ಯಾಕ್‌ಡೌನ್’ ಬರತೊಡಗಿತು, ಬಂದಷ್ಟೇ ಬೇಗ ಗೆದ್ದಿತು. ಹಾಗಾದರೆ ನನ್ನ ವಾದ ಬಿತ್ತೇ? ಇಲ್ಲಿ ಎರಡು ಸಂಗತಿ ಗಮನಿಸಬೇಕು. ರಾ ಬರುತ್ತಿದ್ದುದು ಕೇಬಲ್ ಚಾನೆಲ್‌ನಲ್ಲಿ. ಸ್ಮ್ಯಾಕ್‌ಡೌನ್ ಬಂದದ್ದು ಯುಪಿಎನ್‌ನಲ್ಲಿ, ಕೇಬಲ್ ಇಲ್ಲದ ಮನೆಗೂ ಆಂಟೆನಾ ಮೂಲಕ ತಲುಪುವ ಜಾಲದಲ್ಲಿ. ಅದು ಹೊಸ ಮನೆಗಳನ್ನು ತಂದಿತು. ಜತೆಗೆ ಆಗ ಕಂಪನಿಯ ಬಳಿ ರಾಕ್, ಟ್ರಿಪಲ್ ಎಚ್, ಮಿಕ್ ಫೋಲಿಯಂಥವರು ಒಟ್ಟಿಗೇ ಉತ್ತುಂಗದಲ್ಲಿದ್ದರು. ಹಾಗಿದ್ದೂ ಹೊರೆ ಯಾರದೋ ಬೆನ್ನಿಗೆ ಬಿದ್ದೇ ಬಿತ್ತು: ಮುಖ್ಯ ಬರಹಗಾರ ವಿನ್ಸ್ ರುಸ್ಸೊ ಆ ಅಕ್ಟೋಬರಿನಲ್ಲೇ ಕೆಲಸ ಬಿಟ್ಟರು, ಸ್ಮ್ಯಾಕ್‌ಡೌನ್‌ನಿಂದ ಹೆಚ್ಚಿದ ಕೆಲಸವೇ ಕಾರಣ ಎಂದರು. ಹೋಗಿ ಸೇರಿದ್ದು ಡಬ್ಲ್ಯುಸಿಡಬ್ಲ್ಯುವನ್ನು. ಆರ್ಕೆಟ್‌ಗೆ ಪಟ್ಟ ಕಟ್ಟಿದಾಗ ಅಲ್ಲಿ ಕತೆ ಹೆಣೆಯುತ್ತಿದ್ದವರಲ್ಲಿ ಅವರೂ ಒಬ್ಬರು.

2001ರ ಮಾರ್ಚ್‌ನಲ್ಲಿ ಡಬ್ಲ್ಯುಸಿಡಬ್ಲ್ಯುವನ್ನು ಕೊಂಡ ಮೇಲೆ ಡಬ್ಲ್ಯುಡಬ್ಲ್ಯುಎಫ್ ನಡೆಸುತ್ತಿದ್ದ ವಿನ್ಸ್ ಮ್ಯಾಕ್‌ಮಹನ್ ಬಳಿ ಒಂದು ಕಾರ್ಯಕ್ರಮಕ್ಕೆ ಮಿಗುವಷ್ಟು ಜನ ಸೇರಿದರು. 2002ರ ಮಾರ್ಚ್‌ನಲ್ಲಿ ಅವರನ್ನು ಆಸ್ತಿ ಪಾಲು ಮಾಡಿದಂತೆ ರಾ, ಸ್ಮ್ಯಾಕ್‌ಡೌನ್ ಎಂದು ಹಂಚಲಾಯಿತು. ಬಿಷಾಫ್ ಮಾಡಲಾಗದ್ದನ್ನು ಇಲ್ಲಿ ಮಾಡಿದರು. ಕತೆಗಳು ಬೇರೆ, ಬೆಲ್ಟ್‌ಗಳು ಬೇರೆ. ಪಾಲ್ ಹೇಮನ್ ಬರೆದ ಆ ವರ್ಷದ ಸ್ಮ್ಯಾಕ್‌ಡೌನ್, ಕುಸ್ತಿಯ ಗುಣಮಟ್ಟದಲ್ಲಿ ರಾ ಕಾರ್ಯಕ್ರಮವನ್ನು ಮೀರಿಸಿತ್ತು. ಜಾನ್ ಸೀನ ಬೆಳೆದದ್ದು ಅಲ್ಲೇ. ಭಾರತದಲ್ಲಿ ಟೆನ್ ಸ್ಪೋರ್ಟ್ಸ್ ಹಚ್ಚಿ ಕೂರುತ್ತಿದ್ದ ಹುಡುಗರಿಗೆ ಗ್ರೇಟ್ ಖಲಿ 2007ರಲ್ಲಿ ವಿಶ್ವ ಚಾಂಪಿಯನ್ ಆದ ನೆನಪಿರಬೇಕು. ಖಲಿ ಗೆದ್ದದ್ದು ಸ್ಮ್ಯಾಕ್‌ಡೌನ್ ಪಾಲಿನ ಬೆಲ್ಟ್. ಒಂದೇ ಪಟ್ಟವಿದ್ದಿದ್ದರೆ ಆ ಅವಕಾಶ ಅವನಿಗೆ ದಕ್ಕುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಅದೇ ಹೊತ್ತಿಗೆ ಪಟ್ಟದ ಬೆಲೆಯೂ ಅರ್ಧಕ್ಕಿಳಿದಿತ್ತು. ಬೇರೆಬೇರೆ ನಡೆಸುತ್ತಿದ್ದ ಪೇ-ಪರ್-ವ್ಯೂಗಳನ್ನು 2007ರಲ್ಲಿ ಮತ್ತೆ ಕೂಡಿಸಿದರು. ಮೂರನೆಯದಾಗಿ 2006ರಲ್ಲಿ ತಂದ ‘ಇಸಿಡಬ್ಲ್ಯು’ 2010ಕ್ಕೆ ಮುಚ್ಚಿತು. 2011ರಲ್ಲಿ ಹಂಚಿಕೆಯೇ ರದ್ದಾಗಿ ಸ್ಮ್ಯಾಕ್‌ಡೌನ್ ಬಹುಮಟ್ಟಿಗೆ ಸೋಮವಾರದ ಪುನರಾವರ್ತನೆಯಾಯಿತು, ಥಂಡರ್‌ನ ಪಡಿಯಚ್ಚು. 2016ರ ಜುಲೈನಲ್ಲಿ ಮತ್ತೆ ಪಾಲು. ಮರುವರ್ಷ ಜಿಂದರ್ ಮಹಲ್ ಏಕಾಏಕಿ ಸ್ಮ್ಯಾಕ್‌ಡೌನ್ ಚಾಂಪಿಯನ್ ಆದಾಗ ಕಂಪನಿಯ ಕಣ್ಣು ಭಾರತದ ಮಾರುಕಟ್ಟೆಯ ಮೇಲಿತ್ತು. ಮೊದಲ ಕಾರ್ಯಕ್ರಮದಲ್ಲಿ ಮಾಡಲು ಅಳುಕುವ ಪ್ರಯೋಗಗಳಿಗೆ ಎರಡನೆಯದು ಒದಗುತ್ತದೆ. ಅಲ್ಲಿ ಸೋತರೂ ಮನೆ ಬೀಳುವುದಿಲ್ಲ.

ಬಳಿಕ ದುಡ್ಡಿನ ದಿಕ್ಕೇ ಬದಲಾಯಿತು. 2019ರಲ್ಲಿ ಸ್ಮ್ಯಾಕ್‌ಡೌನ್ ಐದು ವರ್ಷಕ್ಕೆ 100 ಕೋಟಿ ಡಾಲರ್ ಲೆಕ್ಕದಲ್ಲಿ ಫಾಕ್ಸ್ ಪಾಲಾಯಿತು. ಕುಸ್ತಿ ಕಂಪನಿಯ ಗಳಿಕೆಯಲ್ಲಿ ಟಿಕೆಟ್, ಟೀ ಶರ್ಟ್‌ಗಳನ್ನು ಪ್ರಸಾರ ಹಕ್ಕು ಹಿಂದಿಕ್ಕಿತು. ಚಾನೆಲ್‌ಗಳಿಗೆ ಬೇಕಾದದ್ದು ಗಂಟೆಗಳು, ಕತೆಯ ಹದವಲ್ಲ.

ಈ ಲೆಕ್ಕಾಚಾರ ಹೊಸಬರಿಗೆ ದುಬಾರಿ. ಟೋನಿ ಖಾನ್ ನಡೆಸುವ ಎಇಡಬ್ಲ್ಯು ಎಂಬ ಕುಸ್ತಿ ಕಂಪನಿ 2019ರ ಅಕ್ಟೋಬರ್ 2ರಂದು ಬುಧವಾರದ ‘ಡೈನಮೈಟ್’ ಒಂದರಿಂದಲೇ ಹೊರಟಿತು. ಮೂರು ತಿಂಗಳ ಬಳಿಕ ಚಾನೆಲ್ ಜತೆಗಿನ ಒಪ್ಪಂದ ವಿಸ್ತರಣೆಯಾಗಿ ಅದರಲ್ಲೇ ಎರಡನೆಯದೊಂದರ ಮಾತೂ ಸೇರಿತ್ತು. 2021ರ ಆಗಸ್ಟ್‌ನಲ್ಲಿ ಬಂದ ‘ರಾಂಪೇಜ್’ ಎರಡನೆಯ ಕಂತಿಗೇ, ತಾರಾ ಪೈಲ್ವಾನ ಸಿಎಂ ಪಂಕ್ ಕುಸ್ತಿಗೆ ಮರಳಿದ್ದರಿಂದ, 11 ಲಕ್ಷ ವೀಕ್ಷಕರನ್ನು ದಾಟಿತು. ಮುಂದೆ ಶುಕ್ರವಾರ ರಾತ್ರಿ ಹತ್ತಕ್ಕೆ, ಎಷ್ಟೋ ಸಲ ಬುಧವಾರವೇ ಡೈನಮೈಟ್ ಮುಗಿದ ಮೇಲೆ ದಣಿದ ಪ್ರೇಕ್ಷಕರ ಮುಂದೆ ಚಿತ್ರೀಕರಿಸಿಕೊಂಡ ಒಂದು ಗಂಟೆ ಅದು. ವೀಕ್ಷಕರು ಅರ್ಧಕ್ಕೂ ಕೆಳಗಿಳಿದರು. 2023ರ ಜೂನ್ 17ರಂದು ಶನಿವಾರದ ‘ಕೊಲಿಷನ್’ ಬಂತು. ಪಂಕ್‌ಗೂ ಡೈನಮೈಟ್‌ನ ಪ್ರಮುಖ ಪೈಲ್ವಾನರಿಗೂ ತೆರೆಮರೆಯಲ್ಲಿ ಹೊಡೆದಾಟವಾಗಿದ್ದರಿಂದ, ಅವನಿಗೆ ಬೇರೆ ಮನೆ ಹೂಡಿಕೊಟ್ಟಂತಿತ್ತು. ಲಂಡನ್ನಿನ ವೆಂಬ್ಲಿಯಲ್ಲಿ ಮತ್ತೊಂದು ಜಗಳವಾಗಿ ಸೆಪ್ಟೆಂಬರ್ 2ರಂದು ಪಂಕ್‌ನನ್ನು ಕೆಲಸದಿಂದ ತೆಗೆದರು. ಮೂರು ತಿಂಗಳೂ ತುಂಬದ ಕಾರ್ಯಕ್ರಮದ ಕೇಂದ್ರವೇ ಹೋಯಿತು, ಕಾರ್ಯಕ್ರಮ ಉಳಿಯಿತು. ವಾರಕ್ಕೆ ಇನ್ನೊಂದು ಊರು, ಇನ್ನೊಂದು ಸಭಾಂಗಣದ ಬಾಡಿಗೆ, ಲಾರಿ, ಹೋಟೆಲು. ತುಂಬದ ಕುರ್ಚಿಗಳು ಕ್ಯಾಮೆರಾಕ್ಕೆ ಕಾಣದಂತೆ ನೋಡಿಕೊಳ್ಳುವ ಸರ್ಕಸ್ಸು ಬೇರೆ. ಕೆಲವು ವಾರ ಎರಡನ್ನೂ ಒಂದೇ ಊರಿನಲ್ಲಿ ಮುಗಿಸತೊಡಗಿದರು.

2024ರ ಡಿಸೆಂಬರ್‌ನಲ್ಲಿ ರಾಂಪೇಜ್ ನಿಂತಿತು. ಮರುತಿಂಗಳು ಜಾರಿಗೆ ಬಂದ, ವರ್ಷಕ್ಕೆ ಸುಮಾರು 18.5 ಕೋಟಿ ಡಾಲರ್‌ನದೆಂದು ವರದಿಯಾದ ಹೊಸ ಒಪ್ಪಂದದಲ್ಲಿ ಡೈನಮೈಟ್ ಜತೆಗೆ ಕೊಲಿಷನ್ ಕೂಡ ಇದೆ. ಶನಿವಾರ ಬೇಡವೆಂದು ಹಳೆಯ ಅಭಿಮಾನಿಗಳು ಗೊಣಗುತ್ತಾರೆ. ಆ ಮೊತ್ತದಲ್ಲಿ ಶನಿವಾರದ ಪಾಲೂ ಇರುವಾಗ, ಖಾನ್ ಅವರು ಅದನ್ನು ತಾವಾಗಿಯೇ ಬಿಟ್ಟುಕೊಡುವುದು ದೂರದ ಮಾತು.