ಕೇಳಿದ್ದು ನುಡಿಯಾಗುವ ದಾರಿ: ಆರ್ಕ್ಯುಯೇಟ್ ಫ್ಯಾಸಿಕುಲಸ್ ಕುರಿತು ಒಂದು ಮರುವಿಚಾರ

ಸಾರಾಂಶ: ಎಡ ಮಿದುಳಿನ ಭಾಷಾಕ್ಷೇತ್ರಗಳನ್ನು ಜೋಡಿಸುವ, ಆರ್ಕ್ಯುಯೇಟ್ ಫ್ಯಾಸಿಕುಲಸ್ ಎಂಬ ಕಮಾನಿನಾಕಾರದ ನರತಂತುಗಳ ಕಟ್ಟನ್ನು ಹಲವು ಎಳೆಗಳ ಜಾಲವಾಗಿ ನೋಡಬೇಕು, ಅದರ ಚಿತ್ರವನ್ನು ರೋಗಿಯ ನುಡಿಯೊಡನೆ ಇಟ್ಟು ಓದಬೇಕು ಎಂಬುದು ಈ ಲೇಖನದ ವಾದ.

'ಕನ್ನಡಿ' ಎಂಬ ಪದವನ್ನು ಮರಳಿ ಹೇಳುವಂತೆ ವೈದ್ಯರು ಕೇಳುತ್ತಾರೆ ಎಂದುಕೊಳ್ಳೋಣ. ರೋಗಿಗೆ ಅರ್ಥ ಗೊತ್ತು, ಮಾತೂ ಸರಾಗ. ಆದರೂ ಬಾಯಿಗೆ ಬರುವುದು 'ಕಡ್ಡನಿ'. ತಪ್ಪಿದ್ದು ತಿಳಿದು, ತಿದ್ದಿಕೊಳ್ಳಲು ಹೆಣಗುತ್ತಾರೆ. ಕಂಡಕ್ಷನ್ ಅಫೇಸಿಯಾ ಎಂಬ ನುಡಿತೊಂದರೆಯ ಲಕ್ಷಣ ಇದು.

1861ರಲ್ಲಿ ಪಾಲ್ ಬ್ರೋಕಾ ಮಾತನಾಡುವ ಶಕ್ತಿಗೂ ಮಿದುಳಿನ ಮುಂಭಾಗಕ್ಕೂ ಇರುವ ನಂಟನ್ನು ತೋರಿಸಿದರು. 1874ರಲ್ಲಿ ಕಾರ್ಲ್ ವೆರ್ನಿಕೆ ಗ್ರಹಿಕೆಯನ್ನು ಟೆಂಪೊರಲ್ ಹಾಲೆಗೆ ಜೋಡಿಸಿ, ಇವೆರಡರ ನಡುವಿನ ಕೊಂಡಿ ಕಡಿದರೆ ಬೇರೆಯೇ ಬಗೆಯ ತೊಂದರೆ ಬರಬೇಕೆಂದು ತರ್ಕಿಸಿದರು. ಆ ದಾರಿ ಇನ್ಸುಲಾದ ಮೂಲಕ ಸಾಗುತ್ತದೆಂದು ಅವರು ಆಗ ಭಾವಿಸಿದ್ದರು. 1965ರಲ್ಲಿ ನಾರ್ಮನ್ ಗೆಶ್ವಿಂಡ್ ಸಂಪರ್ಕ ಕಡಿತದ ವಾದಕ್ಕೆ ಮರುಜೀವ ಕೊಟ್ಟಾಗ ಆರ್ಕ್ಯುಯೇಟ್ ಕಟ್ಟಿಗೆ ಮುಖ್ಯ ಸ್ಥಾನ ಸಿಕ್ಕಿತು.

ಜೀವಂತ ಮಿದುಳಿನಲ್ಲಿ ಈ ದಾರಿಯನ್ನು ಗುರುತಿಸಲು ನೆರವಾದದ್ದು ನೀರು. ನೀರಿನ ಅಣುಗಳು ತಂತುವಿನ ಉದ್ದಕ್ಕೆ ಸಲೀಸಾಗಿ ಸರಿಯುತ್ತವೆ. ಅಡ್ಡಕ್ಕೆ ಸರಿಯಲು ಪೊರೆ, ಮಯಲಿನ್‌ಗಳ ತಡೆಯಿದೆ. ಈ ವ್ಯತ್ಯಾಸವನ್ನು ಅಳೆಯುವ ಡಿಫ್ಯೂಷನ್ ಎಂಆರ್‌ಐ ಬಳಸಿ 2005ರಲ್ಲಿ ಕಟಾನಿ, ಜೋನ್ಸ್ ಮತ್ತು ಫಿಚ್, ನೇರ ದಾರಿಯ ಪಕ್ಕದಲ್ಲೇ ಪರೈಟಲ್ ಹಾಲೆಯ ಕೆಳಭಾಗದಲ್ಲಿ ತಂಗಿ ಸಾಗುವ, ಎರಡು ತುಂಡುಗಳ ಬಳಸುದಾರಿಯನ್ನೂ ಗುರುತಿಸಿದರು. 2008ರಲ್ಲಿ ರಿಲ್ಲಿಂಗ್ ತಂಡ ಮಕಾಕ್ ಕೋತಿ, ಚಿಂಪಾಂಜಿಗಳೊಡನೆ ಹೋಲಿಸಿದಾಗ, ಟೆಂಪೊರಲ್ ಹಾಲೆಗೆ ಇಳಿಯುವ ಕವಲು ಮನುಷ್ಯನಲ್ಲಿ ಬಹಳ ಹಿಗ್ಗಿರುವುದು ಕಂಡಿತು.

ಇಂಥ ಅಳತೆಗಳಿಂದ ಗಣಕ ರಚಿಸುವ ವರ್ಣಚಿತ್ರಗಳು ತಂತುಗಳ ಛಾಯಾಚಿತ್ರಗಳೆಂದು ನಂಬುವುದು ತಪ್ಪಾಗುತ್ತದೆ. ಚಿತ್ರದ ಒಂದೊಂದು ಚುಕ್ಕೆಯೊಳಗೂ ಸಾವಿರಾರು ತಂತುಗಳಿವೆ. ಅವು ಒಂದನ್ನೊಂದು ಹಾಯುವಲ್ಲಿ ಗಣಕ ಇಲ್ಲದ ದಾರಿಯನ್ನೂ ಎಳೆದೀತು. ಸಂಕೇತ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನಂತೂ ಅದು ಹೇಳಲಾರದು. ಮೇಲಾಗಿ, ಟೆಂಪೊರಲ್ ಮತ್ತು ಪರೈಟಲ್ ಹಾಲೆಗಳು ಕೂಡುವೆಡೆಯ ಹೊರಪದರಕ್ಕೆ ಪೆಟ್ಟು ಬಿದ್ದರೂ ಮರುನುಡಿ ಕೆಡಬಹುದು. ಆದ್ದರಿಂದ ತೊಂದರೆಯನ್ನೆಲ್ಲ ಕಡಿದ ತಂತಿಯ ಮೇಲೆ ಹೊರಿಸಲಾಗದು.

ಗಡ್ಡೆ ತೆಗೆಯುವ ಶಸ್ತ್ರವೈದ್ಯರಿಗೆ ಈ ಎಚ್ಚರ ಅತ್ಯಗತ್ಯ. ಅದಕ್ಕಾಗಿಯೇ ಅವರು ನಕ್ಷೆಯ ಜೊತೆಗೆ, ಎಚ್ಚರವಿರುವ ರೋಗಿಯ ಮಿದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟುತ್ತ, ಮಾತು ಎಲ್ಲಿ ತಡವರಿಸುತ್ತದೆಂದು ಆಲಿಸುತ್ತಾರೆ. ಆ ಪರೀಕ್ಷೆ ರೋಗಿಯ ಮನೆಮಾತಿನಲ್ಲೂ ನಡೆಯಬೇಕು. ಕನ್ನಡಿಗರಿಗಾದರೆ ಒತ್ತಕ್ಷರ, ದೀರ್ಘಸ್ವರ, ವಿಭಕ್ತಿಗಳಿಂದ ನೀಳವಾದ ಪದಗಳನ್ನು ಆರಿಸಬೇಕು. 'ಕನ್ನಡಿ' ಕೆಡುವ ಬಗೆಯನ್ನು ಕನ್ನಡ ಬಲ್ಲ ಕಿವಿಯೇ ಗುರುತಿಸಬೇಕು.