ದಾರಿ ತಪ್ಪಿದ ಪಿತ್ತ

ನಮ್ಮ ಭಾಷೆ ಪಿತ್ತವನ್ನು ಎಂದೂ ನಂಬಿದಂತಿಲ್ಲ. ಸಿಟ್ಟಾದವನಿಗೆ ‘ಪಿತ್ತ ನೆತ್ತಿಗೇರಿತು’ ಎನ್ನುತ್ತೇವೆ. ತಲೆ ಸುತ್ತಿದರೆ ಪಿತ್ತ, ಬಾಯಿ ಕಹಿಯಾದರೆ ಪಿತ್ತ. ಗ್ರೀಕರೂ ಈ ವಿಷಯದಲ್ಲಿ ನಮಗೆ ಕಡಮೆಯವರಲ್ಲ. ಅವರ ‘ಮೆಲಾಂಕೊಲಿಯ’ ಎಂಬ ಮಾತಿನೊಳಗೆ ಕರಿಯ ಪಿತ್ತವೇ ಅಡಗಿದೆ. ಆಯುರ್ವೇದದ ಪಿತ್ತವಾದರೋ ಒಂದು ದೋಷ. ಅದರ ವ್ಯಾಪ್ತಿ ದೊಡ್ಡದು. ನಾನಿಲ್ಲಿ ಹೇಳಹೊರಟಿರುವುದು ಅದನ್ನಲ್ಲ. ಯಕೃತ್ತಿನಲ್ಲಿ ಹುಟ್ಟಿ, ಪಿತ್ತಕೋಶದಲ್ಲಿ ತಂಗಿ, ಊಟವಾದ ಮೇಲೆ ಸಣ್ಣ ಕರುಳಿಗೆ ಇಳಿದು ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆಯುವ ಹಳದಿ ಹಸುರು ದ್ರವದ ಕಥೆಯನ್ನು.

ಜಠರಕ್ಕೂ ಕರುಳಿಗೂ ನಡುವೆ ಒಂದು ಬಾಗಿಲಿದೆ. ಅದರ ಹೆಸರು ಪೈಲೋರಸ್. ಗ್ರೀಕಿನಲ್ಲಿ ದ್ವಾರಪಾಲಕ ಎಂದರ್ಥ. ಅರೆದ ಅನ್ನವನ್ನು ಕೆಳಗೆ ಬಿಡುವುದು, ಕೆಳಗಿನದು ಮೇಲೆ ಬಾರದಂತೆ ತಡೆಯುವುದು ಇವನ ಕಾಯಕ. ಒಂದಿಷ್ಟು ಪಿತ್ತ ಆಗಾಗ ಕಣ್ತಪ್ಪಿಸಿ ಮೇಲಕ್ಕೆ ಬರುವುದು ಆರೋಗ್ಯವಂತರಲ್ಲಿಯೂ ಉಂಟು. ಅದು ಮೇಲಿಂದ ಮೇಲೆ ಬಂದು ಜಠರದ ಒಳಪೊರೆಯನ್ನು ಸುಡತೊಡಗಿದಾಗ ಮಾತ್ರ ರೋಗವಾಗುತ್ತದೆ.

ಇದನ್ನು ಕಣ್ಣಾರೆ ಕಂಡವರಲ್ಲಿ ಅಮೆರಿಕದ ಸೈನ್ಯವೈದ್ಯ ವಿಲಿಯಂ ಬೋಮಾಂಟ್ ಪ್ರಸಿದ್ಧ. 1822ರಲ್ಲಿ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಗಾಯ ಮಾಯಿತು, ಆದರೆ ಹೊಟ್ಟೆಯ ಮೇಲೆ ಜಠರಕ್ಕೆ ತೆರೆದ ಒಂದು ಕಿಂಡಿ ಉಳಿಯಿತು. ಆ ಕಿಂಡಿಯಿಂದ ಬೋಮಾಂಟ್ ವರ್ಷಗಟ್ಟಲೆ ಪರೀಕ್ಷೆ ನಡೆಸಿ 1833ರಲ್ಲಿ ಪುಸ್ತಕ ಪ್ರಕಟಿಸಿದ. ಸಾಮಾನ್ಯವಾಗಿ ಜಠರದಲ್ಲಿ ಪಿತ್ತ ಇರುವುದಿಲ್ಲ, ಆದರೆ ಸೇಂಟ್ ಮಾರ್ಟಿನ್ ಕಡುಸಿಟ್ಟಿನಲ್ಲಿದ್ದಾಗ ಅದು ಕಾಣಿಸಿತು ಎಂದು ಅವನು ಬರೆದಿದ್ದಾನೆ. ಪಿತ್ತ ನೆತ್ತಿಗಲ್ಲದಿದ್ದರೂ ಹೊಟ್ಟೆಗಂತೂ ಏರಿತ್ತು! ಬಡವನಾದ ಆ ಕೂಲಿಯಾಳಿಗೆ ಸಿಟ್ಟು ಬರಲು ಕಾರಣಗಳೇನು ಕಡಮೆಯಿದ್ದವೆ? 1880ರಲ್ಲಿ ಅವನು ಸತ್ತಾಗ, ವೈದ್ಯರು ಕೊಯ್ದು ನೋಡಬಾರದೆಂದು ಮನೆಯವರು ಹೆಣ ಕೊಳೆಯುವವರೆಗೂ ಇಟ್ಟುಕೊಂಡಿದ್ದು, ಆಮೇಲೆ ಆಳವಾದ ಗುಂಡಿಯಲ್ಲಿ ಹೂಳಿದರು.

ಮರುವರ್ಷ, 1881ರಲ್ಲಿ, ವಿಯೆನ್ನಾದ ಥಿಯೊಡೋರ್ ಬಿಲ್‌ರೋತ್ ಏಡಿಹುಣ್ಣು ಹಿಡಿದ ಜಠರದ ಭಾಗವನ್ನು ಕತ್ತರಿಸಿ ತೆಗೆದು, ರೋಗಿ ಶಸ್ತ್ರಕ್ರಿಯೆಯಿಂದ ಚೇತರಿಸಿಕೊಂಡದ್ದನ್ನು ಲೋಕಕ್ಕೆ ತೋರಿಸಿದ. ಅದೇ ವರ್ಷ ಅವನ ಸಹಾಯಕ ವೋಲ್ಫ್ಲರ್ ಜಠರಕ್ಕೆ ಕರುಳನ್ನು ನೇರವಾಗಿ ಹೊಲಿದ. ಅನ್ನಕ್ಕೆ ಹೊಸ ದಾರಿಯಾಯಿತು ನಿಜ. ಆದರೆ ಆ ದಾರಿಗೆ ದ್ವಾರಪಾಲಕನಿರಲಿಲ್ಲ. ಪಿತ್ತ ಅದೇ ದಾರಿಯಲ್ಲಿ ಜಠರಕ್ಕೆ ನುಗ್ಗಿತು. ರೋಗಿಗಳು ಹಸುರು ವಾಂತಿಯಿಂದ ನರಳಿದರು.

ದೂರದೇಶದ ಈ ಸುದ್ದಿ ನಮಗೇಕೆ ಎನ್ನಬೇಡಿ. ದಕ್ಷಿಣ ಭಾರತ ಕರುಳುಹುಣ್ಣಿನ ನಾಡೆಂದೇ ವೈದ್ಯರಲ್ಲಿ ಹೆಸರಾಗಿತ್ತು. 1950-60ರ ದಶಕಗಳಲ್ಲಿ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಅನ್ನ ಉಣ್ಣುವ ಸೀಮೆಗಳಲ್ಲಿ ಈ ಹುಣ್ಣು ಹೆಚ್ಚು, ಗೋಧಿ ತಿನ್ನುವ ಸೀಮೆಗಳಲ್ಲಿ ಕಡಮೆ ಎಂಬುದನ್ನು ಅಧ್ಯಯನ ಮಾಡಿದರು. ಇಂಥ ಹುಣ್ಣಿಗೆ ಆಗ ಶಸ್ತ್ರಕ್ರಿಯೆಯೇ ಸಾಮಾನ್ಯ ಪರಿಹಾರ. ನಮ್ಮ ದೊಡ್ಡಪ್ಪನವರಿಗೂ ಅದೇ ಆಗಿತ್ತು. ಹುಣ್ಣಿನ ನೋವು ಹೋಯಿತು. ಬೆಳಗಾಗೆದ್ದರೆ ಕಹಿ ವಾಂತಿ ಅಂಟಿಕೊಂಡಿತು. ದೊಡ್ಡಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು, ಊರವರು ನಿಂಬೆಹಣ್ಣು ಎಂದರು. ಅವರು ಕಡ್ಡಿಯಾಗಿ ಇಳಿದುಹೋದರು. ಹೊಟ್ಟೆಯೊಳಗೆ ದಾರಿ ಬದಲಾಗಿದೆ, ಹೀಗಾಗುವುದುಂಟು, ಇದಕ್ಕೆ ಬೇರೆ ಉಪಾಯವಿದೆ ಎಂದು ಅವರಿಗೆ ಕನ್ನಡದಲ್ಲಿ ನಾಲ್ಕು ಮಾತು ಹೇಳಿದವರಿರಲಿಲ್ಲ. ನನ್ನನ್ನು ಇಂದಿಗೂ ಕೊರೆಯುವುದು ಅದೇ.

ಉಪಾಯವಾದರೋ ಹಳೆಯದೇ. 1890ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಸೆಸಾರ್ ರೂ ಕರುಳನ್ನು ಕವಲೊಡೆದ ಕೊಂಬೆಯಂತೆ ಜೋಡಿಸುವ ಕ್ರಮವನ್ನು ರೂಢಿಗೆ ತಂದ. ಒಂದು ಕವಲು ಜಠರದಿಂದ ಅನ್ನವನ್ನು ತರುತ್ತದೆ. ಪಿತ್ತವನ್ನು ತರುವ ಕವಲು ಬಹಳ ಕೆಳಗೆ, ಸುಮಾರು ಅರ್ಧ ಮೀಟರಿನಾಚೆ, ಬಂದು ಸೇರುತ್ತದೆ. ಅಷ್ಟು ದೂರ ಪಿತ್ತ ಹಿಂದಕ್ಕೆ ಹತ್ತಲಾರದು. ಇದರಲ್ಲಿಯೂ ತೊಡಕಿತ್ತು: ಆಮ್ಲವನ್ನು ತಣಿಸಲು ಪಿತ್ತರಸವಿಲ್ಲದೆ ಹೊಲಿದ ಜಾಗದಲ್ಲಿ ಹೊಸ ಹುಣ್ಣೇಳುತ್ತಿತ್ತು. ಆಮ್ಲವನ್ನು ಅಡಗಿಸುವ ಮದ್ದುಗಳು ಬಂದ ಮೇಲೆ ಈ ಅಂಜಿಕೆ ಬಹುಮಟ್ಟಿಗೆ ಕಡಮೆಯಾಯಿತು.

ಎಲ್ಲರಿಗೂ ಕತ್ತಿಯೇ ಬೇಕೆಂದಲ್ಲ. ಹುಣ್ಣಿನ ಮೇಲೆ ಪೊರೆ ಹಾಸುವ ಸುಕ್ರಾಲ್ಫೇಟ್, ಪಿತ್ತಾಮ್ಲವನ್ನು ಹಿಡಿದುಕೊಳ್ಳುವ ಪುಡಿಗಳು ಬಳಕೆಯಲ್ಲಿವೆ. ಅರ್ಸೊಡಿಯಾಕ್ಸಿಕೋಲಿಕ್ ಆಮ್ಲವೆಂಬುದು ಇನ್ನೊಂದು. ಅದರ ಹೆಸರಿನಲ್ಲಿಯೇ ಕರಡಿಯಿದೆ. ಚೀನೀಯರು ಶತಮಾನಗಳ ಕಾಲ ಬಳಸಿದ ಕರಡಿಯ ಪಿತ್ತದಿಂದ 1927ರಲ್ಲಿ ಜಪಾನಿನ ಶೋಡಾ ಅದನ್ನು ಹರಳಾಗಿ ಬೇರ್ಪಡಿಸಿದ. ಪಿತ್ತದ ಉರಿಗೆ ಪಿತ್ತವೇ ಮದ್ದಾದದ್ದು ಸೋಜಿಗವಲ್ಲವೆ?

ಹುಣ್ಣಿನ ಮೂಲವೂ ಬಯಲಾಯಿತು. 1982ರಲ್ಲಿ ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಜಠರದಲ್ಲಿ ಬದುಕುವ ಸೂಕ್ಷ್ಮಜೀವಿಯನ್ನು ಬೆಳೆಸಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಕತ್ತಿ ಮಾಡುತ್ತಿದ್ದುದನ್ನು ಈಗ ಬಹುಪಾಲು ಕೆಲವು ದಿನಗಳ ಮಾತ್ರೆಗಳು ಮಾಡುತ್ತವೆ. ಆದರೂ ಬಾಗಿಲು ಸಡಿಲಗೊಂಡವರಲ್ಲಿ, ಪಿತ್ತಕೋಶ ತೆಗೆಸಿಕೊಂಡ ಕೆಲವರಲ್ಲಿ, ಬೊಜ್ಜು ಕರಗಿಸಲು ಜಠರದ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಹಳೆಯ ತೊಂದರೆ ತಲೆಯೆತ್ತುವುದುಂಟು.

ನಾವು ಮಾತ್ರ ಹೊಟ್ಟೆ ಉರಿದರೆ ‘ಗ್ಯಾಸು’, ‘ಅಸಿಡಿಟಿ’ ಎಂದು ಅಂಗಡಿಯಿಂದ ಮಾತ್ರೆ ತಂದು ನುಂಗುತ್ತೇವೆ. ಆಮ್ಲದ ಮಾತ್ರೆ ಪಿತ್ತವನ್ನು ತಡೆಯಲಾರದು. ಮಾತ್ರೆ ನುಂಗಿದರೂ ಉರಿ ತಗ್ಗದೆ, ಹಸುರು ಹಳದಿ ವಾಂತಿ ಮರುಕಳಿಸಿ, ಮೈ ಇಳಿಯತೊಡಗಿದರೆ ವೈದ್ಯರಲ್ಲಿಗೆ ಹೋಗಬೇಕು. ಹಿಂದೆ ಹೊಟ್ಟೆಗೆ ಆದ ಶಸ್ತ್ರಕ್ರಿಯೆಯನ್ನು, ಅದು ಮೂವತ್ತು ವರ್ಷ ಹಳೆಯದಾಗಿದ್ದರೂ, ಮರೆಯದೆ ಹೇಳಬೇಕು.