ಹೋಲಿಸಲು ಯಾರನ್ನು ಕರೆಯಬೇಕು?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1922ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು 612 ಮಂದಿ. 1947ರ ಹೊತ್ತಿಗೆ ಈ ಸಂಖ್ಯೆ 9,287ಕ್ಕೆ ಏರಿತ್ತು. ಕಾಲು ಶತಮಾನದಲ್ಲಿ ಹದಿನೈದು ಪಟ್ಟು! ಎಕ್ಸ್-ರೇ ಬಂದು ರೋಗಪತ್ತೆ ಸುಧಾರಿಸಿದ್ದರಿಂದ ಹೀಗೆ ಕಾಣುತ್ತಿದೆ ಎಂದು ಕೆಲವರು ಸಮಾಧಾನ ಹೇಳಿಕೊಂಡರು. ಮೋಟಾರುಗಳ ಹೊಗೆ, ರಸ್ತೆಗೆ ಹಾಕಿದ ಡಾಂಬರು, ಕಾರ್ಖಾನೆಗಳ ಚಿಮಣಿ ಎಲ್ಲದರ ಮೇಲೂ ಸಂಶಯವಿತ್ತು. ಸಿಗರೇಟಿನ ಮೇಲೂ ಇತ್ತು. ಆದರೆ ಗಂಡಸರಲ್ಲಿ ಬಹುತೇಕ ಎಲ್ಲರೂ ಸೇದುತ್ತಿದ್ದ ಕಾಲವದು. ಎಲ್ಲರೂ ಮಾಡುವ ಕೆಲಸವೇ ಕೆಲವರಿಗೆ ಬರುವ ರೋಗಕ್ಕೆ ಕಾರಣ ಎಂದು ತೋರಿಸುವುದು ಹೇಗೆ?

ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪರವಾಗಿ ಈ ಒಗಟಿಗೆ ಕೈಹಾಕಿದವರು ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಮತ್ತು ರಿಚರ್ಡ್ ಡಾಲ್. ಹಿಲ್ ವೈದ್ಯರಾಗಬೇಕೆಂದಿದ್ದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಕ್ಷಯ ತಗುಲಿ ಆ ಆಸೆ ಬಿಟ್ಟು, ಅರ್ಥಶಾಸ್ತ್ರ ಓದಿ ಕೊನೆಗೆ ಸಂಖ್ಯಾಶಾಸ್ತ್ರಜ್ಞರಾದರು. ಡಾಲ್ ವೈದ್ಯರು, ಸ್ವತಃ ಸಿಗರೇಟು ಸೇದುತ್ತಿದ್ದವರು.

ಅವರು ಆರಿಸಿಕೊಂಡ ದಾರಿಗೆ 'ಕೇಸ್-ಕಂಟ್ರೋಲ್' ಅಧ್ಯಯನ ಎಂದು ಹೆಸರು. ರೋಗ ಬಂದವರ ಒಂದು ಗುಂಪು, ಬಾರದವರ ಇನ್ನೊಂದು ಗುಂಪು. ಇಬ್ಬರ ಹಿಂದಿನ ಬದುಕನ್ನೂ ಕೆದಕಿ ವ್ಯತ್ಯಾಸ ಹುಡುಕುವುದು. ರೋಗ ಬರಲೆಂದು ಇಪ್ಪತ್ತು ವರ್ಷ ಕಾಯಬೇಕಿಲ್ಲ, ಖರ್ಚೂ ಕಡಿಮೆ. ಇದು ಇವರ ಸ್ವಂತ ಆವಿಷ್ಕಾರವೇನಲ್ಲ. 1926ರಲ್ಲೇ ಜ್ಯಾನೆಟ್ ಲೇನ್-ಕ್ಲೇಪನ್ ಎಂಬ ವೈದ್ಯೆ ಸ್ತನ ಕ್ಯಾನ್ಸರಿನ 500 ಮಹಿಳೆಯರನ್ನು, ಆ ರೋಗವಿಲ್ಲದ 500 ಮಹಿಳೆಯರೊಂದಿಗೆ ಹೋಲಿಸಿದ್ದರು. ಅವರ ಹೆಸರು ಬಹುಕಾಲ ಮರೆತೇಹೋಗಿತ್ತು.

ನೋಡಲು ಸರಳವಾದ ಈ ವಿಧಾನದಲ್ಲಿ ಎಡವುವ ಜಾಗಗಳು ಅನೇಕ. ಆದ್ದರಿಂದಲೇ ಡಾಲ್ ಮತ್ತು ಹಿಲ್ ಪಟ್ಟ ಎಚ್ಚರಿಕೆ ಗಮನಿಸುವಂಥದ್ದು. ಲಂಡನ್ನಿನ 20 ಆಸ್ಪತ್ರೆಗಳಿಂದ ಶ್ವಾಸಕೋಶದ ಕ್ಯಾನ್ಸರಿನ 709 ರೋಗಿಗಳು ಸಿಕ್ಕರು. ಪ್ರತಿಯೊಬ್ಬರಿಗೂ ಜೋಡಿಯಾಗಿ ಅದೇ ಲಿಂಗದ, ಸರಿಸುಮಾರು ಅದೇ ವಯಸ್ಸಿನ, ಅದೇ ಆಸ್ಪತ್ರೆಯಲ್ಲಿ ಬೇರೆ ಕಾಯಿಲೆಗೆ ದಾಖಲಾಗಿದ್ದ ಒಬ್ಬರನ್ನು ಆರಿಸಲಾಯಿತು. ಇಬ್ಬರಿಗೂ ಕೇಳಿದ್ದು ಅವೇ ಪ್ರಶ್ನೆಗಳನ್ನು. ಧೂಮಪಾನಿ ಎಂದರೆ ಯಾರು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡರು: ಕನಿಷ್ಠ ಒಂದು ವರ್ಷ ಕಾಲ ದಿನಕ್ಕೊಂದಾದರೂ ಸಿಗರೇಟು ಸೇದಿದವರು. ಮನುಷ್ಯನ ನೆನಪನ್ನು ಎಷ್ಟು ನಂಬಬಹುದು? 50 ರೋಗಿಗಳಿಗೆ ಆರು ತಿಂಗಳಾದ ಮೇಲೆ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿ, ಉತ್ತರಗಳನ್ನು ತಾಳೆ ನೋಡಿದರು.

ಇನ್ನೊಂದು ಅನುಮಾನ ಉಳಿದಿತ್ತು. ಎದುರಿಗಿರುವವರಿಗೆ ಕ್ಯಾನ್ಸರ್ ಎಂದು ಗೊತ್ತಿದ್ದರೆ, ಪ್ರಶ್ನೆ ಕೇಳುವವರು ಸಿಗರೇಟಿನ ಬಗ್ಗೆ ತುಸು ಹೆಚ್ಚೇ ಕೆದಕಬಹುದಲ್ಲವೇ? ಇದಕ್ಕೆ ಉತ್ತರ ಸಿಕ್ಕಿದ್ದು ವೈದ್ಯರ ತಪ್ಪಿನಿಂದ. ಇನ್ನೂರಕ್ಕೂ ಹೆಚ್ಚು ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಭಾವಿಸಿ ಸಂದರ್ಶನ ಮಾಡಲಾಗಿತ್ತು. ಆಮೇಲೆ ಅದು ಕ್ಯಾನ್ಸರ್ ಅಲ್ಲವೆಂದು ತಿಳಿಯಿತು. ಪೂರ್ವಗ್ರಹವೇ ಕೆಲಸ ಮಾಡಿದ್ದರೆ ಇವರೆಲ್ಲ ಕ್ಯಾನ್ಸರ್ ರೋಗಿಗಳಂತೆ ಭಾರಿ ಧೂಮಪಾನಿಗಳಾಗಿ ಕಾಣಬೇಕಿತ್ತು. ಹಾಗಾಗಲಿಲ್ಲ. ಅವರ ಅಭ್ಯಾಸ ಇತರ ಕಾಯಿಲೆಯವರ ಅಭ್ಯಾಸವನ್ನೇ ಹೋಲುತ್ತಿತ್ತು. ಇಡೀ ವರದಿಯಲ್ಲಿ ಇದಕ್ಕಿಂತ ಗಟ್ಟಿಯಾದ ಪುಟ ಮತ್ತೊಂದಿಲ್ಲ.

1950ರ ಸೆಪ್ಟೆಂಬರಿನಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪ್ರಕಟವಾದ ಅಂಕಿಗಳು ಹೀಗಿದ್ದವು: ಕ್ಯಾನ್ಸರ್ ಬಂದಿದ್ದ 649 ಗಂಡಸರಲ್ಲಿ ಸಿಗರೇಟು ಸೇದದವರು ಇಬ್ಬರೇ. ಅಷ್ಟೇ ಸಂಖ್ಯೆಯ ಇತರ ರೋಗಿಗಳಲ್ಲಿ 27 ಮಂದಿ. ಈ ಇಬ್ಬರು ಮತ್ತು 27 ಮಂದಿಯ ಲೆಕ್ಕ ಚಿಕ್ಕದೆನ್ನಿಸಿದರೆ, ದಿನಕ್ಕೆ 25 ಅಥವಾ ಹೆಚ್ಚು ಸೇದುವವರನ್ನು ನೋಡಬಹುದು: ಕ್ಯಾನ್ಸರ್ ಗುಂಪಿನಲ್ಲಿ ಶೇ 26, ಇನ್ನೊಂದರಲ್ಲಿ ಶೇ 13.5. ಸೇದುವ ಪ್ರಮಾಣ ಏರಿದಂತೆ ಅಪಾಯವೂ ಏರುತ್ತಿತ್ತು. ಅದೇ ವರ್ಷ ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಮ್ ಕೂಡ ಇದೇ ತೀರ್ಮಾನಕ್ಕೆ ಬಂದಿದ್ದರು. ಅಂಕಿಅಂಶಗಳು ಕೈಸೇರುತ್ತಿದ್ದಂತೆ ಡಾಲ್ ಸಿಗರೇಟು ಬಿಟ್ಟರು.

ಎಲ್ಲರೂ ಒಪ್ಪಲಿಲ್ಲ. ಸಂಖ್ಯಾಶಾಸ್ತ್ರದ ದಿಗ್ಗಜ ರೊನಾಲ್ಡ್ ಫಿಶರ್, ಕ್ಯಾನ್ಸರ್ ಮತ್ತು ಧೂಮಪಾನ ಎರಡಕ್ಕೂ ಒಂದೇ ಆನುವಂಶಿಕ ಕಾರಣ ಇರಬಹುದೆಂದು ವಾದಿಸಿದರು. ಹೊಗೆಯನ್ನು ಒಳಗೆಳೆದುಕೊಳ್ಳುತ್ತೇವೆ ಎಂದವರು ಕ್ಯಾನ್ಸರ್ ರೋಗಿಗಳಲ್ಲೇ ತುಸು ಕಡಿಮೆ ಇದ್ದರಲ್ಲ ಎಂದೂ ಕುಟುಕಿದರು. ಈ ಅಂಕಿಯನ್ನು ಡಾಲ್ ಮತ್ತು ಹಿಲ್ ಮುಚ್ಚಿಟ್ಟಿರಲಿಲ್ಲ, ತಾವೇ ಅಚ್ಚು ಹಾಕಿಸಿದ್ದರು. ಫಿಶರ್ ತಂಬಾಕು ತಯಾರಕರ ಸಲಹೆಗಾರರಾಗಿದ್ದರೆಂಬುದು ನಿಜ. ಹಾಗೆಂದು ಅವರ ಪ್ರಶ್ನೆ ಸುಳ್ಳಾಗುವುದಿಲ್ಲ. ಅದಕ್ಕೆ ಉತ್ತರ ಬೇರೆ ಬಗೆಯ ಅಧ್ಯಯನದಿಂದಲೇ ಬರಬೇಕಿತ್ತು. 1951ರಲ್ಲಿ ಬ್ರಿಟನ್ನಿನ ವೈದ್ಯರಿಗೆಲ್ಲ ಪತ್ರ ಬರೆದು, ಉತ್ತರಿಸಿದ ಸುಮಾರು 40,000 ಮಂದಿಯ ಮುಂದಿನ ಬದುಕನ್ನು ಗಮನಿಸುತ್ತ ಹೋದರು. 1954ರ ಮೊದಲ ವರದಿಯ ವೇಳೆಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತಿದ್ದ 36 ಮಂದಿಯೂ ಧೂಮಪಾನಿಗಳೇ.

ವಿಧಾನ ಅದೇ ಆದರೂ ಹೋಲಿಕೆಗೆ ತಪ್ಪು ಜನರನ್ನು ಕರೆದರೆ ಏನಾಗುತ್ತದೆ ಎಂಬುದಕ್ಕೆ 1981ರ ಕಾಫಿ ಪ್ರಕರಣ ಸಾಕ್ಷಿ. ಕಾಫಿ ಕುಡಿದರೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಬರಬಹುದು ಎಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡವೊಂದು ಪ್ರಕಟಿಸಿತು. ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ಹೋಲಿಕೆಗೆ ಬಂದವರು ಯಾರು? ಕ್ಯಾನ್ಸರ್ ರೋಗಿಗಳನ್ನು ನೋಡುತ್ತಿದ್ದ ವೈದ್ಯರ ಬಳಿಯೇ ಬಂದಿದ್ದ ಇತರ ರೋಗಿಗಳು. ಅವರಲ್ಲಿ ಅನೇಕರದು ಹೊಟ್ಟೆಯ ಕಾಯಿಲೆ. ಹೊಟ್ಟೆ ಕೆಟ್ಟವರು ಕಾಫಿ ಕಡಿಮೆ ಮಾಡುವುದು ಸಹಜ. ಅವರ ಕಾಫಿ ಇಳಿದಿದ್ದರಿಂದ ಕ್ಯಾನ್ಸರ್ ರೋಗಿಗಳ ಕಾಫಿ ಹೆಚ್ಚೆಂದು ತೋರಿರಬಹುದು. ಮುಂದಿನ ಅಧ್ಯಯನಗಳಲ್ಲಿ ಆ ನಂಟು ನಿಲ್ಲಲಿಲ್ಲ.

ಈ ಸಂಗತಿ ಬೆಂಗಳೂರಿಗೂ ಹತ್ತಿರದ್ದು. ಇಲ್ಲಿನ ಕ್ಯಾನ್ಸರ್ ನೋಂದಣಿ ವ್ಯವಸ್ಥೆಯ ಮಾಹಿತಿ ಬಳಸಿ ಬಾಯಿ ಕ್ಯಾನ್ಸರಿನ 348 ರೋಗಿಗಳ ಅಧ್ಯಯನ ನಡೆಯಿತು; ವರದಿ 1990ರಲ್ಲಿ ಪ್ರಕಟವಾಯಿತು. ಹೋಲಿಕೆಗೆ ಆರಿಸಿಕೊಂಡದ್ದು ಆಸ್ಪತ್ರೆಯ ಹಾಸಿಗೆಯಲ್ಲಿದ್ದವರನ್ನಲ್ಲ. ರೋಗಿಗಳು ವಾಸವಿದ್ದ ಬಡಾವಣೆಯಲ್ಲೇ ಇದ್ದ, ಕ್ಯಾನ್ಸರಿನ ಲಕ್ಷಣವಿಲ್ಲದ, ಅದೇ ವಯಸ್ಸಿನ, ಅದೇ ಲಿಂಗದ ಜನರನ್ನು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವವರಲ್ಲಿ ಅಪಾಯ ಹೆಚ್ಚು, ಹೆಂಗಸರಲ್ಲಿ ಅದು ಇನ್ನೂ ಹೆಚ್ಚು ಎಂದು ಕಂಡುಬಂತು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಎಂದು ವಿಚಾರಿಸಿದಾಗ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿದ್ದವರು, ರಾತ್ರಿ ಹೊಗೆಸೊಪ್ಪನ್ನು ಬಾಯಲ್ಲಿಟ್ಟುಕೊಂಡೇ ಮಲಗುತ್ತಿದ್ದವರು.